ನಿಮ್ಮ ರಿಪೋರ್ಟಿನ ಪದಗಳ ಹಿಂದಿರುವ ವೈದ್ಯ: ರುಡಾಲ್ಫ್ ವಿರ್ಚೋ

ಲ್ಯುಕೇಮಿಯಾ, ತ್ರಾಂಬೋಸಿಸ್, ಎಂಬಾಲಿಸಂ. ಈ ಮೂರರಲ್ಲಿ ಒಂದು ಪದವನ್ನಾದರೂ ನೀವು ಡಿಸ್ಚಾರ್ಜ್ ಸಮ್ಮರಿಯಲ್ಲೋ ಲ್ಯಾಬ್ ರಿಪೋರ್ಟಿನಲ್ಲೋ ನೋಡಿರಬಹುದು. ಇವನ್ನು ಇಂದಿನ ಅರ್ಥದಲ್ಲಿ ಬಳಕೆಗೆ ತಂದವರು 19ನೇ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಚೋ. ರೋಗ ದೇಹದಲ್ಲಿ ಎಲ್ಲಿದೆ, ಹೇಗೆ ಶುರುವಾಯಿತು, ಏನು ಬದಲಾವಣೆ ಮಾಡಿತು ಎಂದು ಅಧ್ಯಯನ ಮಾಡುವ ಶಾಸ್ತ್ರವೇ ಪೆಥಾಲಜಿ, ಅಂದರೆ ರೋಗಶಾಸ್ತ್ರ. ಅದಕ್ಕೆ ಇಂದಿನ ರೂಪ ಕೊಟ್ಟವರಲ್ಲಿ ವಿರ್ಚೋ ಪ್ರಮುಖರು.

ಅವರ ಜೀವನಕಥೆ ನಿಮಗೆ ಏಕೆ ಬೇಕು? ರಿಪೋರ್ಟಿನ ಒಂದೊಂದು ಪದವೂ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಯಾವ ಪದ ಯಾವ ಪ್ರಶ್ನೆಗೆ ಉತ್ತರ ಎಂದು ಗೊತ್ತಾದರೆ ಅನಗತ್ಯ ಭಯ ಕಡಿಮೆಯಾಗುತ್ತದೆ, ಸುಳ್ಳು ನೆಮ್ಮದಿಯೂ ತಪ್ಪುತ್ತದೆ. ವಿರ್ಚೋ ಅವರ ಬದುಕಿನಲ್ಲಿ ಎರಡಕ್ಕೂ ಉದಾಹರಣೆಗಳಿವೆ.

ಕಂಡದ್ದಕ್ಕಷ್ಟೇ ಹೆಸರು

ವಿರ್ಚೋ ಹುಟ್ಟಿದ್ದು 1821ರ ಅಕ್ಟೋಬರ್ 13ರಂದು, ಪ್ರಷ್ಯಾ ರಾಜ್ಯದ ಶಿವೆಲ್‌ಬೈನ್ ಎಂಬ ಸಣ್ಣ ಊರಿನಲ್ಲಿ. ಆ ಊರು ಈಗ ಪೋಲೆಂಡಿನಲ್ಲಿದೆ. ಮನೆಯಲ್ಲಿ ಹೆಚ್ಚಿನ ಅನುಕೂಲವಿರಲಿಲ್ಲ. ಸೇನೆಗೆ ವೈದ್ಯರನ್ನು ತಯಾರು ಮಾಡುತ್ತಿದ್ದ ಬರ್ಲಿನ್ನಿನ ಸಂಸ್ಥೆಯಲ್ಲಿ ವಿದ್ಯಾರ್ಥಿವೇತನದ ಮೇಲೆ ಓದಿ 1843ರಲ್ಲಿ ವೈದ್ಯ ಪದವಿ ಪಡೆದರು. ನಂತರ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ ಮರಣೋತ್ತರ ಪರೀಕ್ಷೆಯ ಕೆಲಸಕ್ಕೆ ಸೇರಿದರು.

1845ರಲ್ಲಿ ಅವರು ಒಬ್ಬ ಮಹಿಳೆಯ ಪ್ರಕರಣವನ್ನು ಪ್ರಕಟಿಸಿದರು. ಆಕೆಗೆ ವಿಪರೀತ ದಣಿವಿತ್ತು, ಮೂಗಿನಿಂದ ರಕ್ತ ಬರುತ್ತಿತ್ತು, ಮೈ ಊದಿಕೊಂಡಿತ್ತು. ಸತ್ತ ಮೇಲೆ ಪರೀಕ್ಷಿಸಿದಾಗ ಗುಲ್ಮ ದೊಡ್ಡದಾಗಿತ್ತು, ರಕ್ತದಲ್ಲಿ ಬಿಳಿ ಕಣಗಳೇ ತುಂಬಿದ್ದವು. ಅದೇ ವರ್ಷ ಎಡಿನ್‌ಬರೋದ ವೈದ್ಯ ಜಾನ್ ಹ್ಯೂಸ್ ಬೆನೆಟ್ ಇಂಥದೇ ಪ್ರಕರಣ ವರದಿ ಮಾಡಿ, ರಕ್ತದಲ್ಲಿ ಕೀವು ಆಗಿದೆ ಎಂದಿದ್ದರು. ವಿರ್ಚೋ ಹಾಗೆ ಹೇಳಲಿಲ್ಲ. ಕಾರಣ ಗೊತ್ತಿಲ್ಲದಿರುವಾಗ ಕಂಡದ್ದಕ್ಕಷ್ಟೇ ಹೆಸರಿಡೋಣ ಎಂದು ಅದನ್ನು ಬಿಳಿ ರಕ್ತ ಎಂದು ಕರೆದರು. 1847ರಲ್ಲಿ ಅದಕ್ಕೆ ಗ್ರೀಕ್ ಪದಗಳಿಂದ ಲ್ಯುಕೇಮಿಯಾ ಎಂಬ ಹೆಸರಾಯಿತು.

ಇಲ್ಲಿ ನೀವು ಗಮನಿಸಬೇಕಾದ ಮೊದಲ ಭೇದ ಇದು. ರೋಗಿ ತಾನೇ ಅನುಭವಿಸಿ ಹೇಳುವ ದಣಿವು, ನೋವು, ವಾಕರಿಕೆಗಳು ಲಕ್ಷಣಗಳು. ವೈದ್ಯರು ಪರೀಕ್ಷಿಸಿ ಕಂಡುಕೊಳ್ಳುವ ದೊಡ್ಡ ಗುಲ್ಮ, ಊತ, ಜ್ವರದ ಅಂಕಿ ಮುಂತಾದವು ಚಿಹ್ನೆಗಳು. ಎರಡನ್ನೂ ಪರೀಕ್ಷೆಗಳ ಜೊತೆ ಕೂಡಿಸಿ ರೋಗಕ್ಕೆ ಹೆಸರು ಹೇಳುವುದು ರೋಗನಿರ್ಣಯ, ಅಂದರೆ ಡಯಾಗ್ನೋಸಿಸ್. ಹೆಸರು ಸಿಕ್ಕಿತೆಂದರೆ ಕಾರಣವೂ ಸಿಕ್ಕಿತು ಎಂದರ್ಥವಲ್ಲ. ಕಾರಣ ತಿಳಿಯದಿದ್ದರೆ ರಿಪೋರ್ಟಿನಲ್ಲಿ ಇಡಿಯೋಪಥಿಕ್ ಎಂದು ಬರೆದಿರುತ್ತಾರೆ. ಅದು ಹೊಸ ಕಾಯಿಲೆಯೊಂದರ ಹೆಸರಲ್ಲ.

ಇನ್ನೊಂದು ಗೊಂದಲ ಅಕ್ಯೂಟ್ ಮತ್ತು ಕ್ರಾನಿಕ್ ಪದಗಳದ್ದು. ಅಕ್ಯೂಟ್ ಎಂದರೆ ಬೇಗ ಶುರುವಾಗಿ ಬೇಗ ಮುಂದುವರಿಯುವುದು, ಕ್ರಾನಿಕ್ ಎಂದರೆ ನಿಧಾನವಾಗಿ ಬಹುಕಾಲ ಇರುವುದು. ಕ್ರಾನಿಕ್ ಎಂದರೆ ಕೊನೆಯ ಹಂತ ಎಂದು ಹೆದರುವವರಿದ್ದಾರೆ. ಈ ಪದಗಳು ಹೇಳುವುದು ಕಾಲವನ್ನು, ತೀವ್ರತೆಯನ್ನಲ್ಲ.

ಹೆಪ್ಪು ಎಲ್ಲಿಂದ ಬಂತು?

ಆ ದಿನಗಳಲ್ಲಿ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಕಂಡರೆ ಅದು ಅಲ್ಲೇ ಹುಟ್ಟಿದ್ದು, ನಾಳದ ಉರಿಯೂತವೇ ಅದಕ್ಕೆ ಮೂಲ ಎಂದು ಅನೇಕರು ನಂಬಿದ್ದರು. ಹಲವು ಮರಣೋತ್ತರ ಪರೀಕ್ಷೆಗಳಲ್ಲಿ ಶ್ವಾಸಕೋಶದ ಹೆಪ್ಪಿನ ಜೊತೆ ಕಾಲಿನ ರಕ್ತನಾಳದಲ್ಲೂ ಹೆಪ್ಪು ಇರುವುದನ್ನು ವಿರ್ಚೋ ಕಂಡರು. ನಾಯಿಗಳ ಕುತ್ತಿಗೆಯ ರಕ್ತನಾಳದೊಳಗೆ ರಬ್ಬರಿನ ಚೂರುಗಳನ್ನು ಬಿಟ್ಟು ನೋಡಿದರು. ಅವು ಹೃದಯ ದಾಟಿ ಶ್ವಾಸಕೋಶ ಸೇರಿದ್ದವು. ರಕ್ತನಾಳದಲ್ಲಿ ಹೆಪ್ಪು ಕಟ್ಟುವುದು ತ್ರಾಂಬೋಸಿಸ್. ಅದರ ತುಣುಕು ಕಳಚಿ ರಕ್ತದೊಡನೆ ಹೋಗಿ ಬೇರೆಡೆ ಸಿಕ್ಕಿಹಾಕಿಕೊಳ್ಳುವುದು ಎಂಬಾಲಿಸಂ. ಹೀಗೆ ಒಂದರಿಂದ ಇನ್ನೊಂದಕ್ಕೆ ರೋಗ ಸಾಗುವ ದಾರಿಗೆ ಪೆಥೋಜೆನೆಸಿಸ್ ಎನ್ನುತ್ತಾರೆ.

ಈ ದಾರಿ ತಿಳಿದಿರುವುದು ಮಾತ್ರೆಯ ವಿಷಯದಲ್ಲಿ ಬಹಳ ಮುಖ್ಯ. ರಕ್ತ ತೆಳುವಾಗಿಸುವ ಮಾತ್ರೆ ಎಂದು ನಾವು ಕೊಡುವ ಔಷಧ ಇದ್ದ ಹೆಪ್ಪನ್ನು ಕರಗಿಸುವುದಿಲ್ಲ. ಅದು ಬೆಳೆಯದಂತೆ, ಹೊಸದು ಕಟ್ಟದಂತೆ ತಡೆಯುತ್ತದೆ. ಹಳೆಯದನ್ನು ದೇಹವೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಕಾಲಿನ ಊತ ಇಳಿಯಿತೆಂದು ಮಾತ್ರೆ ನಿಲ್ಲಿಸಿದರೆ ಚಿಹ್ನೆ ಹೋಗಿರುತ್ತದೆ, ಅಪಾಯ ಹೋಗಿರುವುದಿಲ್ಲ. ಎಷ್ಟು ದಿನ ತೆಗೆದುಕೊಳ್ಳಬೇಕು ಎಂಬುದನ್ನು ವೈದ್ಯರೇ ಹೇಳಬೇಕು.

ಒಂದು ರೋಗ, ಹಲವು ಕಾರಣ

1848ರ ಫೆಬ್ರವರಿಯಲ್ಲಿ ಪ್ರಷ್ಯಾ ಸರ್ಕಾರ ವಿರ್ಚೋ ಅವರನ್ನು ಅಪ್ಪರ್ ಸೈಲೀಸಿಯಾ ಪ್ರದೇಶಕ್ಕೆ ಕಳುಹಿಸಿತು. ಅಲ್ಲಿ ಬರಗಾಲದ ಬೆನ್ನಿಗೇ ಟೈಫಸ್ ಹಬ್ಬಿತ್ತು. ಇದು ನಮಗೆ ಪರಿಚಿತವಾದ ಟೈಫಾಯ್ಡ್ ಅಲ್ಲ, ಬೇರೆಯೇ ರೋಗ. ಮೂರು ವಾರದೊಳಗೆ ಹಿಂತಿರುಗಿದ ವಿರ್ಚೋ ಬರೆದ ವರದಿಯಲ್ಲಿ ಔಷಧಕ್ಕಿಂತ ಹೆಚ್ಚಾಗಿ ಶಿಕ್ಷಣ, ಕೆಲಸ, ಆಹಾರ ಮತ್ತು ಜನರಿಗೆ ಆಡಳಿತದಲ್ಲಿ ಪಾಲು ಬೇಕು ಎಂಬ ಮಾತಿತ್ತು. ಸರ್ಕಾರಕ್ಕೆ ಇದು ಹಿಡಿಸಲಿಲ್ಲ. ಅದೇ ವರ್ಷದ ಕ್ರಾಂತಿಯಲ್ಲಿ ಅವರು ಭಾಗವಹಿಸಿದ್ದರು. 1849ರಲ್ಲಿ ಬರ್ಲಿನ್ ಬಿಟ್ಟು ವೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯ ಸೇರಬೇಕಾಯಿತು.

ಬಟ್ಟೆಯಲ್ಲಿ ಸೇರಿಕೊಳ್ಳುವ ಹೇನಿನಿಂದ ಟೈಫಸ್ ಹರಡುತ್ತದೆ ಎಂದು ಗೊತ್ತಾದದ್ದು 1909ರಲ್ಲಿ. ಅದರ ಬ್ಯಾಕ್ಟೀರಿಯಾ ಸಿಕ್ಕಿದ್ದು ಅದಕ್ಕೂ ನಂತರ. ಈಗ ಆ ಸರಪಳಿಯನ್ನು ಪೂರ್ತಿ ಹೇಳಬಹುದು: ಬ್ಯಾಕ್ಟೀರಿಯಾ ರೋಗಕಾರಕ, ಹೇನು ಅದರ ವಾಹಕ, ಹಸಿವು ಮತ್ತು ಇಕ್ಕಟ್ಟಿನ ವಾಸ ರೋಗಕ್ಕೆ ಅನುಕೂಲ ಮಾಡಿಕೊಟ್ಟ ಅಂಶಗಳು. ಕಾರಣಗಳ ಈ ಅಧ್ಯಯನಕ್ಕೆ ಈಟಿಯಾಲಜಿ ಎನ್ನುತ್ತಾರೆ. ನಿಮ್ಮ ವೈದ್ಯರು ರಿಸ್ಕ್ ಫ್ಯಾಕ್ಟರ್ ಎಂದರೆ ರೋಗದ ಸಾಧ್ಯತೆ ಹೆಚ್ಚಿಸುವ ಅಂಶ ಎಂದರ್ಥ. ಅದು ಇದ್ದವರಿಗೆಲ್ಲ ರೋಗ ಬರುವುದಿಲ್ಲ, ಇಲ್ಲದವರಿಗೆ ಬರುವುದೇ ಇಲ್ಲ ಎಂದೂ ಅಲ್ಲ. ಆದ್ದರಿಂದ ರೋಗಿಯನ್ನು ದೂಷಿಸಲು ಈ ಪದವನ್ನು ಬಳಸಬೇಡಿ.

ಜೀವಕೋಶದಲ್ಲಿ ರೋಗದ ನೆಲೆ

1856ರಲ್ಲಿ ಬರ್ಲಿನ್ ಅವರನ್ನು ಮತ್ತೆ ಕರೆಸಿಕೊಂಡಿತು. 1858ರಲ್ಲಿ ಅಲ್ಲಿ ಕೊಟ್ಟ 20 ಉಪನ್ಯಾಸಗಳು ಜೀವಕೋಶ ರೋಗಶಾಸ್ತ್ರ ಎಂಬ ಅರ್ಥದ ಹೆಸರಿನಲ್ಲಿ ಪುಸ್ತಕವಾದವು. ಪ್ರತಿ ಜೀವಕೋಶವೂ ಇನ್ನೊಂದು ಜೀವಕೋಶದಿಂದಲೇ ಹುಟ್ಟುತ್ತದೆ, ರೋಗದ ನೆಲೆಯೂ ಜೀವಕೋಶವೇ ಎಂಬುದು ಅದರ ತಿರುಳು. ಜೀವಕೋಶಗಳು ವಿಭಜನೆಯಿಂದ ಹುಟ್ಟುತ್ತವೆ ಎಂದು ರಾಬರ್ಟ್ ರೆಮಾಕ್ ಮೊದಲೇ ತೋರಿಸಿದ್ದರು. ಅದನ್ನು ರೋಗಗಳಿಗೆ ಅನ್ವಯಿಸಿ ಎಲ್ಲೆಡೆ ಪ್ರಚಾರ ಮಾಡಿದವರು ವಿರ್ಚೋ.

ಇಂದು ಬಯಾಪ್ಸಿಯ ಚೂರನ್ನು ಮೈಕ್ರೋಸ್ಕೋಪಿನಡಿ ಇಟ್ಟು ನೋಡುವುದು ಈ ತಿಳಿವಳಿಕೆಯ ಮೇಲೆಯೇ. ಜೀವಕೋಶಗಳು ಸಹಜ ರೂಪದಿಂದ ಎಷ್ಟು ಬದಲಾಗಿವೆ ಎಂದು ಹೇಳುವುದು ಗ್ರೇಡ್. ಕ್ಯಾನ್ಸರ್ ದೇಹದಲ್ಲಿ ಎಷ್ಟು ದೂರ ಹರಡಿದೆ ಎಂದು ಹೇಳುವುದು ಸ್ಟೇಜ್. ಗ್ರೇಡ್ 3 ಎಂದು ಓದಿ ಮೂರನೇ ಸ್ಟೇಜ್ ಎಂದುಕೊಳ್ಳಬೇಡಿ. ಹಾಗೆಯೇ ಸ್ತನದ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದರೆ ಅಲ್ಲಿರುವುದು ಸ್ತನದ ಕ್ಯಾನ್ಸರಿನ ಜೀವಕೋಶಗಳೇ. ಚಿಕಿತ್ಸೆಯನ್ನೂ ಅದಕ್ಕೆ ತಕ್ಕಂತೆ ಆರಿಸುತ್ತಾರೆ.

ಯುವರಾಜನ ಬಯಾಪ್ಸಿ

1887ರಲ್ಲಿ ಜರ್ಮನಿಯ ಯುವರಾಜ ಫ್ರೆಡೆರಿಕ್ ಅವರ ಧ್ವನಿ ಒಡೆದು ಹೋಗಿತ್ತು. ಧ್ವನಿತಂತುವಿನ ಮೇಲೆ ಒಂದು ಗಂಟು ಇತ್ತು. ಕ್ಯಾನ್ಸರ್ ಇರಬಹುದೆಂದು ಜರ್ಮನ್ ವೈದ್ಯರು ಶಸ್ತ್ರಚಿಕಿತ್ಸೆಗೆ ಸಿದ್ಧರಾಗಿದ್ದರು. ಇಂಗ್ಲೆಂಡಿನಿಂದ ಬಂದ ಗಂಟಲು ತಜ್ಞ ಮೊರೆಲ್ ಮೆಕೆಂಜಿ ಮೊದಲು ಬಯಾಪ್ಸಿ ಆಗಲಿ ಎಂದು ಚೂರು ತೆಗೆದು ವಿರ್ಚೋಗೆ ಕಳುಹಿಸಿದರು. ಆ ಚೂರುಗಳಲ್ಲಿ ವಿರ್ಚೋಗೆ ಕ್ಯಾನ್ಸರ್ ಕಾಣಲಿಲ್ಲ. ತನ್ನ ಕೈಗೆ ಬಂದ ಚೂರುಗಳಿಂದ ಇಡೀ ರೋಗದ ಬಗ್ಗೆ ಖಚಿತವಾಗಿ ಹೇಳಲಾಗದು ಎಂಬ ಎಚ್ಚರಿಕೆಯನ್ನೂ ಅವರು ಬರೆದರು. ಆದರೆ ಶಸ್ತ್ರಚಿಕಿತ್ಸೆ ನಿಂತುಹೋಯಿತು. ನವೆಂಬರಿನ ಹೊತ್ತಿಗೆ ಕ್ಯಾನ್ಸರ್ ಎಂಬುದು ಸ್ಪಷ್ಟವಾಯಿತು. 1888ರ ಮಾರ್ಚ್ 9ರಂದು ಸಿಂಹಾಸನವೇರಿದ ಫ್ರೆಡೆರಿಕ್ ಜೂನ್ 15ರಂದು ತೀರಿಕೊಂಡರು.

ಆ ಕಾಲದ ಶಸ್ತ್ರಚಿಕಿತ್ಸೆಯೂ ತುಂಬ ಅಪಾಯದ್ದೇ ಆಗಿತ್ತು. ಆದರೂ ಪಾಠ ನಿಮಗೂ ಸಲ್ಲುತ್ತದೆ. ರಿಪೋರ್ಟಿನಲ್ಲಿ ಕ್ಯಾನ್ಸರ್ ಕಾಣಲಿಲ್ಲ ಎಂದಿದ್ದರೆ, ಕಳುಹಿಸಿದ ಚೂರಿನಲ್ಲಿ ಕಾಣಲಿಲ್ಲ ಎಂದು ಓದಿ. ಹೆಚ್ಚಿನ ಸಲ ಅದು ನಿಜಕ್ಕೂ ಒಳ್ಳೆಯ ಸುದ್ದಿಯೇ. ಆದರೆ ಲಕ್ಷಣಗಳು ಮುಂದುವರಿದರೆ, ಅಥವಾ ಸ್ಕ್ಯಾನ್ ಒಂದು ಹೇಳಿ ಬಯಾಪ್ಸಿ ಇನ್ನೊಂದು ಹೇಳಿದರೆ, ಮತ್ತೆ ಪರೀಕ್ಷೆ ಬೇಕೇ ಎಂದು ಸಂಕೋಚವಿಲ್ಲದೆ ಕೇಳಿ.

ಒಪ್ಪದೆ ಉಳಿದ ಸತ್ಯ

1882ರಲ್ಲಿ ಅದೇ ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಕ್ಷಯರೋಗದ ಬ್ಯಾಕ್ಟೀರಿಯಾವನ್ನು ತೋರಿಸಿಕೊಟ್ಟರು. ರೋಗ ಹುಟ್ಟುವುದು ಜೀವಕೋಶದಲ್ಲಿ ಎಂದು ನಂಬಿದ್ದ ವಿರ್ಚೋ ಹೊರಗಿನ ಸೂಕ್ಷ್ಮಾಣುವಿಗೆ ಅಷ್ಟು ದೊಡ್ಡ ಸ್ಥಾನ ಕೊಡಲು ಹಿಂಜರಿದರು. ಆ ವಿಷಯದಲ್ಲಿ ಕಾಖ್ ಅವರದೇ ಸರಿಯಾಗಿತ್ತು. ಆದರೂ ಬ್ಯಾಕ್ಟೀರಿಯಾ ಒಳಹೊಕ್ಕವರೆಲ್ಲರೂ ಕಾಯಿಲೆ ಬೀಳುವುದಿಲ್ಲ. ಹಾಗಾಗಿ ಇಂದು ಟಿಬಿ ಸೋಂಕು ಬೇರೆ, ಟಿಬಿ ರೋಗ ಬೇರೆ ಎಂದು ಎರಡು ಪದ ಬಳಸುತ್ತಾರೆ. ಮಾಂಟೂ ಪರೀಕ್ಷೆ ಪಾಸಿಟಿವ್ ಬಂದರೆ ಸೋಂಕು ತಗುಲಿರಬಹುದು ಎಂದು ಅರ್ಥ. ರೋಗವಿದೆಯೇ ಎಂದು ತಿಳಿಯಲು ಎಕ್ಸ್‌ರೇ, ಕಫದ ಪರೀಕ್ಷೆ ಮುಂತಾದವು ಬೇಕು.

ವಿರ್ಚೋ ಕೊನೆಯವರೆಗೂ ಜನರ ನಡುವೆ ಕೆಲಸ ಮಾಡಿದರು. ಬರ್ಲಿನ್ ನಗರಸಭೆಯ ಸದಸ್ಯರಾಗಿ ನಗರಕ್ಕೆ ಒಳಚರಂಡಿ ಬರಲು ಶ್ರಮಿಸಿದರು, ಮಾಂಸದ ತಪಾಸಣೆಗಾಗಿ ವಾದಿಸಿದರು, ಸಂಸತ್ತಿನಲ್ಲೂ ಕುಳಿತರು. 1902ರ ಜನವರಿಯಲ್ಲಿ ಚಲಿಸುವ ಟ್ರಾಮಿನಿಂದ ಇಳಿಯುವಾಗ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಮತ್ತೆ ಚೇತರಿಸಿಕೊಳ್ಳಲಿಲ್ಲ. ಸೆಪ್ಟೆಂಬರ್ 5ರಂದು, 80ನೇ ವಯಸ್ಸಿನಲ್ಲಿ, ಹೃದಯ ಸೋತು ತೀರಿಕೊಂಡರು. ಇಂದಿನ ಮರಣ ಪ್ರಮಾಣಪತ್ರದಲ್ಲಾದರೆ ಹೃದಯ ವೈಫಲ್ಯ ತಕ್ಷಣದ ಕಾರಣವಾಗಿ, ಆ ಬೀಳು ಮೂಲ ಕಾರಣವಾಗಿ ಬೇರೆ ಬೇರೆ ಸಾಲಿನಲ್ಲಿ ಬರುತ್ತಿದ್ದವು.

ಮುಂದಿನ ಸಲ ವೈದ್ಯರ ಮುಂದೆ ರಿಪೋರ್ಟ್ ಹಿಡಿದು ಕುಳಿತಾಗ ಈ ನಾಲ್ಕು ಪ್ರಶ್ನೆ ಬರೆದುಕೊಂಡು ಹೋಗಿ. ರೋಗದ ಹೆಸರೇನು, ಅದು ದೇಹದಲ್ಲಿ ಎಲ್ಲಿದೆ? ಕಾರಣ ಗೊತ್ತಾಗಿದೆಯೇ? ಮುಂದೆ ಹೇಗಾಗಬಹುದು? ಈ ಪರೀಕ್ಷೆ ಯಾವುದನ್ನು ಹೇಳಲಾರದು? ಕೊನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ನೀವು ತಪ್ಪದೆ ಕೇಳಿ.