ನೀರುದುಂಬಿಯ ರೇಷ್ಮೆಯನ್ನು ಕಂಡ ಲಿಯೋನೆ

ಮಳೆಗಾಲದಲ್ಲಿ ತೋಡಾರಿನ ನಮ್ಮ ಗದ್ದೆಯಲ್ಲಿ ನೀರು ನಿಂತಿತೆಂದರೆ ಕಪ್ಪು ನೀರುದುಂಬಿಗಳು ಕಾಣಿಸಿಕೊಳ್ಳುತ್ತವೆ. ನಾನು ಅವನ್ನು ಬಗ್ಗಿ ನೋಡಿದವನಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲೇರಿದವನು ನಾನೇ ಮೊದಲಿಗ. ಅದರಲ್ಲೂ ಬಿ.ಎ. ವಿದ್ಯಾರ್ಥಿ, ಹುಳುಗಳ ಶಾಸ್ತ್ರ ನನಗೆ ಸಲ್ಲದೆಂದು ನಂಬಿದ್ದೆ. ಆ ಭ್ರಮೆಯನ್ನು ಕಳೆದುದು ಪಿಯರ್ ಲಿಯೋನೆಯ ಜೀವನ.

ಲಿಯೋನೆ 1706ರಲ್ಲಿ ಮಾಸ್ಟ್ರಿಕ್ಟ್ ನಗರದಲ್ಲಿ ಜನಿಸಿದನು. ಮೊದಲು ಧರ್ಮಶಾಸ್ತ್ರವನ್ನೂ ಬಳಿಕ ನ್ಯಾಯಶಾಸ್ತ್ರವನ್ನೂ ಓದಿದನು. ಹಾಲೆಂಡಿನ ಹೇಗ್ ನಗರದಲ್ಲಿ ಸರಕಾರದ ಭಾಷಾಂತರಕಾರನಾಗಿ, ಗುಪ್ತಲಿಪಿಯ ಪತ್ರಗಳನ್ನು ಬಿಡಿಸುವವನಾಗಿ ದುಡಿದನು. ಕೀಟಗಳ ಅಭ್ಯಾಸ ಅವನ ಬಿಡುವಿನ ವ್ಯಾಸಂಗ. ಗೆಳೆಯ ಟ್ರೆಂಬ್ಲೆಯ 1744ರ ಗ್ರಂಥಕ್ಕೆ ಚಿತ್ರಗಳನ್ನು ಬರೆದುಕೊಟ್ಟುದಲ್ಲದೆ, ಕೆಲವನ್ನು ತಾನೇ ತಾಮ್ರದ ತಗಡಿನಲ್ಲಿ ಕೊರೆದನು. ಆ ವಿದ್ಯೆ ಕಲಿಯುವಾಗ ಅವನಿಗೆ ಮೂವತ್ತೈದರ ಆಸುಪಾಸು.

1760ರಲ್ಲಿ, ಮರ ಕೊರೆಯುವ ಒಂದು ಹುಳುವಿನ ಅಂಗರಚನೆಯ ಮೇಲೆ ಅವನ ಮಹಾಗ್ರಂಥ ಹೊರಬಂದಿತು. ಅದರಲ್ಲಿ ಅವನು ಎಣಿಸಿದ ಸ್ನಾಯುಗಳು 4,041! ಕೆಲವರು ನಂಬಲಿಲ್ಲ. ಅವನು ವಾದಕ್ಕಿಳಿಯದೆ, 1762ರ ಮುದ್ರಣದಲ್ಲಿ ತನ್ನ ಉಪಕರಣಗಳ ಚಿತ್ರಗಳನ್ನು ಸೇರಿಸಿದನು.

ದೊಡ್ಡ ನೀರುದುಂಬಿಯನ್ನೂ ಅವನು ಅಷ್ಟೇ ತಾಳ್ಮೆಯಿಂದ ಪರೀಕ್ಷಿಸಿದನು. ರೇಷ್ಮೆಹುಳು ಬಾಯಿಯ ಬಳಿಯಿಂದ ನೂಲು ತೆಗೆಯುತ್ತದೆ. ಈ ದುಂಬಿಯಲ್ಲಾದರೋ ನೂಲುವವಳು ಹೆಣ್ಣು. ಅವಳ ರೇಷ್ಮೆಗ್ರಂಥಿಗಳು ಹೊಟ್ಟೆಯೊಳಗೆ, ಮೊಟ್ಟೆಯ ನಾಳಗಳೊಡನೆ ಕೂಡಿಕೊಂಡಿವೆ. ನೂಲು ಹೊರಡುವುದು ಹಿಂತುದಿಯಿಂದ. ಅವಳು ನೀರಿನಲ್ಲಿ ಅಂಗಾತ ತಿರುಗಿ, ತೇಲುವ ಎಲೆಯ ಅಡಿಗೆ ಒಂದು ಹಾಸು ನೇಯುತ್ತಾಳೆ. ಮತ್ತೆ ಮಗುಚಿ ಇನ್ನೊಂದು ಹಾಸು ನೇಯ್ದು, ಎರಡನ್ನೂ ಅಂಚಿನಲ್ಲಿ ಕೂಡಿಸುತ್ತಾಳೆ. ಆ ಚೀಲದಲ್ಲಿ ಸುಮಾರು 50 ಮೊಟ್ಟೆಗಳನ್ನಿಟ್ಟು, ಬಾಯಿ ಮುಚ್ಚಿ, ಮೇಲಕ್ಕೊಂದು ಕಂಬ ನಿಲ್ಲಿಸುತ್ತಾಳೆ. ನೋಡಲು ಪುಟ್ಟ ದೋಣಿಯೇ ಸರಿ.

ಮುಂದೆ ಲಿಯೋನೆಯ ಕಣ್ಣು ಮಂದವಾಯಿತು, ಕೆಲಸ ನಿಂತಿತು. 1789ರಲ್ಲಿ ಅವನು ತೀರಿಕೊಂಡನು. ದುಂಬಿಯ ಆ ಬರಹ ಪ್ಯಾರಿಸಿನಲ್ಲಿ ಅಚ್ಚಾದುದು 1832ರಲ್ಲಿ, ಅವನು ಸತ್ತು 43 ವರ್ಷಗಳ ಮೇಲೆ. ಫಲವನ್ನು ಕಾಣದೆಯೂ ಅವನು ದುಡಿದಿದ್ದನು.

ಕಳೆದ ಮಳೆಗಾಲದಲ್ಲಿ ನಾನು ಗದ್ದೆಯ ಹುಣಿಯ ಮೇಲೆ ಕುಳಿತು ನೀರನ್ನೇ ದಿಟ್ಟಿಸುತ್ತಿದ್ದೆ. ಓದಿದ ಮಗನಿಗೆ ಇಲ್ಲೇನು ಕೆಲಸವೆಂದು ತಂದೆಯವರು ಕೇಳಿದರು. ಲಿಯೋನೆಯ ಕಥೆ ಹೇಳಿದೆ. ಅವರು ನೇಗಿಲ ಕೈಯನ್ನು ಒರಸಿಕೊಂಡು ನನ್ನ ಪಕ್ಕದಲ್ಲೇ ಕುಳಿತರು. ಅಂದು ದೋಣಿ ಕಾಣಲಿಲ್ಲ. ಹುಡುಕುವ ಕಣ್ಣುಗಳು ಮಾತ್ರ ಎರಡು ಜೊತೆಯಾದವು.