ಗಾಜನೂರಿನ ಗೂಢಚಾರ

ರಾಜಕುಮಾರರ ಜೀವನವನ್ನು ಕುರಿತು ಬರೆದವರು ಬೇಡರ ಕಣ್ಣಪ್ಪನನ್ನಾಗಲಿ ಮಯೂರನನ್ನಾಗಲಿ ಮರೆತುದಿಲ್ಲ. ಆದರೆ ಸಿ.ಐ.ಡಿ. ೯೯೯ ಎಂಬ ಸಂಖ್ಯೆಯನ್ನು ಹೊತ್ತ ಪ್ರಕಾಶನನ್ನು ಒಂದೆರಡು ವಾಕ್ಯಗಳಲ್ಲಿ ಸಾಗಹಾಕಿಬಿಡುತ್ತಾರೆ. ಪತ್ತೇದಾರಿ ಕಥೆಯೆಂದರೆ ರೈಲಿನಲ್ಲಿ ಓದಿ ಬಿಸುಡತಕ್ಕ ಸರಕು ಎಂಬ ನಮ್ಮ ಪಂಡಿತಮಂಡಲಿಯ ಹಳೆಯ ಅಸಡ್ಡೆಯೇ ಇದಕ್ಕೆ ಕಾರಣವಿರಬೇಕು. ಚಾಮರಾಜನಗರದ ಸೀಮೆಯಲ್ಲಿ ಕನ್ನಡ ಪಾಠ ಹೇಳುವ ನನಗಾದರೋ, ಆ ನಟನ ಬಾಳನ್ನು ಈ ಬಾಗಿಲಿನಿಂದಲೇ ಪ್ರವೇಶಿಸುವುದು ಉಚಿತವೆಂದು ತೋರುತ್ತದೆ. ಗಾಜನೂರು ನಮಗೆ ನೆರೆಯ ಊರು.

ಆ ಗಾಜನೂರಿನಲ್ಲಿ, ೧೯೨೯ರ ಏಪ್ರಿಲ್ ೨೪ರಂದು, ಮುತ್ತುರಾಜ ಹುಟ್ಟಿದ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಹೆಸರಾಂತ ರಂಗನಟರು. ಗುಬ್ಬಿ ವೀರಣ್ಣನವರ ಕಂಪನಿಯೇ ಮಗನಿಗೆ ಪಾಠಶಾಲೆಯಾಯಿತು. ಶಾಲೆಯ ಓದು ಬಹು ಬೇಗ ನಿಂತಿತು. ಕಂಪನಿ ನಾಟಕದ ಒಂದು ಗುಣವನ್ನು ಇಲ್ಲಿ ನೆನೆಯಬೇಕು. ಪ್ರೇಕ್ಷಕನಿಗೆ ಕಥೆ ಮೊದಲೇ ಗೊತ್ತು. ಹಿರಣ್ಯಕಶಿಪು ಸಾಯುವನೆಂದು ಬಲ್ಲವನೇ ದೀಪ ಹೊತ್ತಿಸುವ ಹೊತ್ತಿಗೆ ಬಂದು ಕುಳಿತು, ಬೆಳಗಿನ ಜಾವದವರೆಗೆ ಕಾಯುತ್ತಿದ್ದ. ಮುಂದೇನಾಗುವುದೆಂಬುದಲ್ಲ, ಹೇಗಾಗುವುದೆಂಬುದೇ ಅವನ ಕುತೂಹಲ. ೧೯೫೪ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ‘ಬೇಡರ ಕಣ್ಣಪ್ಪ’ದಿಂದ ಮುತ್ತುರಾಜ ರಾಜಕುಮಾರರಾದಾಗ ಈ ಪ್ರೇಕ್ಷಕನೇ ಚಿತ್ರಮಂದಿರಕ್ಕೂ ಬಂದ.

ಹದಿನಾಲ್ಕು ವರ್ಷಗಳ ಮೇಲೆ, ೧೯೬೮ರಲ್ಲಿ, ದೊರೈ-ಭಗವಾನ್ ಜೋಡಿ ‘ಜೇಡರ ಬಲೆ’ಯನ್ನು ತೆರೆಗೆ ತಂದಿತು. ಇಯಾನ್ ಫ್ಲೆಮಿಂಗನ ಜೇಮ್ಸ್ ಬಾಂಡ್ ೧೯೬೨ರಲ್ಲಿಯೇ ತೆರೆಯ ಮೇಲೆ ಕಾಣಿಸಿಕೊಂಡು ಲೋಕವನ್ನು ಮರುಳುಗೊಳಿಸಿದ್ದ. ಆ ಅಚ್ಚಿನಲ್ಲಿ ಎರಕ ಹೊಯ್ದ ಮೊದಲ ಕನ್ನಡ ಗೂಢಚಾರ ಈ ಪ್ರಕಾಶ. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. ೯೯೯’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. ೯೯೯’, ಬಹುಕಾಲದ ಮೇಲೆ ೧೯೭೮ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದವು. ಕೋಟು, ಪಿಸ್ತೂಲು, ಗುಪ್ತ ಅಡಗುದಾಣ, ವೇಷ ಮರೆಸಿದ ಖಳ, ಕೊನೆಯ ಗಳಿಗೆಯ ಬಿಡುಗಡೆ, ಎಲ್ಲವೂ ಉಂಟು. ಆದರೆ ಕುಡಿತ ಮತ್ತು ಧೂಮಪಾನಗಳನ್ನು ತಮ್ಮ ಪಾತ್ರಗಳಿಂದ ಆದಷ್ಟು ದೂರವಿಟ್ಟವರು ರಾಜಕುಮಾರರು. ಇವೆರಡೂ ಬಾಂಡನಿಗೆ ಉಸಿರಾಟದಷ್ಟು ಸಹಜ! ಆಂಗ್ಲ ಗೂಢಚಾರ ನಮ್ಮಲ್ಲಿಗೆ ಬರುವಾಗ ಗಡಿಯಲ್ಲಿ ಸ್ನಾನ ಮಾಡಿ ಬಂದನೆಂದು ಯಾರಾದರೂ ಹಾಸ್ಯ ಮಾಡಿದರೆ ನಾನು ಆಕ್ಷೇಪಿಸಲಾರೆ. ಇಷ್ಟಾಗಿಯೂ ಇವು ನಮ್ಮ ಜನಕ್ಕೆ ಪರಕೀಯವೆನಿಸಲಿಲ್ಲ. ನಾಯಕ ಗೆಲ್ಲುವನೆಂಬುದು ಪ್ರೇಕ್ಷಕನಿಗೆ ಇಲ್ಲಿಯೂ ಗೊತ್ತು. ರಹಸ್ಯವೆಂಬುದು ಮೇಲ್ಹೊದಿಕೆ, ಒಳಗಿರುವುದು ಪುರಾಣದ ಭರವಸೆಯೇ.

ಈ ಭರವಸೆಯನ್ನು ಅವರು ಬೇರೆ ಚಿತ್ರಗಳಿಗೂ ಹೊತ್ತೊಯ್ದರು. ೧೯೭೩ರ ‘ಗಂಧದ ಗುಡಿ’ಯಲ್ಲಿ ಕಾಡುಗಳ್ಳರನ್ನು ಹತ್ತಿಕ್ಕುವ ಅರಣ್ಯಾಧಿಕಾರಿಯಾದರು. ೧೯೮೨ರ ಗೋಕಾಕ್ ಚಳವಳಿಯಲ್ಲಿ ನಾಡೇ ಅವರ ಹಿಂದೆ ನಡೆಯಿತು. ೧೯೯೫ರಲ್ಲಿ ಫಾಲ್ಕೆ ಪ್ರಶಸ್ತಿ ಬಂದಿತು. ೨೦೦೦ದ ‘ಶಬ್ದವೇಧಿ’ಯಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಮಾದಕ ವಸ್ತುಗಳ ಜಾಲವನ್ನು ಭೇದಿಸುವ ಪೋಲೀಸು ಅಧಿಕಾರಿ.

ಅದೇ ವರ್ಷದ ಜುಲೈ ೩೦ರ ರಾತ್ರಿ ಗಾಜನೂರಿನ ಮನೆಯಿಂದ ವೀರಪ್ಪನ್ ಅವರನ್ನೂ ಜೊತೆಗಿದ್ದ ಮೂವರನ್ನೂ ಒಯ್ದನು. ಗೋಪಿನಾಥಂ ಎಂಬ ಗಡಿಹಳ್ಳಿಯ ಈ ಮನುಷ್ಯ ೧೯೮೬ರಲ್ಲಿ ಸೆರೆಸಿಕ್ಕಿ, ನಮ್ಮ ಬೂದಿಪಡಗದ ಅರಣ್ಯ ವಸತಿಗೃಹದಿಂದಲೇ ತಪ್ಪಿಸಿಕೊಂಡಿದ್ದವನು. ‘ಗಂಧದ ಗುಡಿ’ಯ ಅರಣ್ಯಾಧಿಕಾರಿ ಗೆದ್ದನು, ಗೋಪಿನಾಥಂ ಜನರ ಮನ ಒಲಿಸಲು ಹೆಣಗಿದ ನಿಜವಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ೧೯೯೧ರ ನವೆಂಬರಿನಲ್ಲಿ ವೀರಪ್ಪನ್ ಕೈಯಲ್ಲಿ ಹತರಾಗಿದ್ದರು. ಗುಂಡ್ಲುಪೇಟೆಯ ಕಡೆಯವರಿಗೂ ಈ ಭಯ ಹೊಸದಲ್ಲ. ಬಂಡೀಪುರದ ಕಾಡಂಚಿನಿಂದ ಕೃಪಾಕರ-ಸೇನಾನಿಯವರನ್ನು ೧೯೯೭ರಲ್ಲಿ ಹೀಗೆಯೇ ಒಯ್ಯಲಾಗಿತ್ತು.

ರಾಜಕುಮಾರರ ಸೆರೆ ೧೦೮ ದಿನ ನಡೆಯಿತು. ಚಿತ್ರಕಥೆಯ ಯಾವ ನಿಯಮವೂ ಅಲ್ಲಿ ನಡೆಯಲಿಲ್ಲ. ಚಿತ್ರದಲ್ಲಿ ಒಬ್ಬ ಸೆರೆಯಾಳು ತಪ್ಪಿಸಿಕೊಂಡು ಬಂದರೆ ಉಳಿದವರಿಗೆ ಬಿಡುಗಡೆಯ ದಾರಿ ತೆರೆಯುತ್ತದೆ. ಇಲ್ಲಿ ಸೆಪ್ಟೆಂಬರಿನ ಕೊನೆಗೆ ಸಹಾಯಕ ನಿರ್ದೇಶಕ ನಾಗಪ್ಪನವರು ತಪ್ಪಿಸಿಕೊಂಡ ಮೇಲೂ ರಾಜಕುಮಾರರು ಒಂದೂವರೆ ತಿಂಗಳು ಕಾಡಿನಲ್ಲಿಯೇ ಉಳಿದರು. ಯಾವ ೯೯೯ನೂ ನುಗ್ಗಲಿಲ್ಲ. ಸಂಧಾನಕಾರರು ಹೋದರು, ಬಂದರು, ಕ್ಯಾಸೆಟ್ಟುಗಳು ಬಂದವು, ಎರಡು ಸರ್ಕಾರಗಳು ಬೇಡಿಕೆಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತವು.

ಅವುಗಳಲ್ಲಿ ಒಂದು ಬೇಡಿಕೆ, ಟಾಡಾ ಕಾಯಿದೆಯಡಿ ಮೈಸೂರಿನಲ್ಲಿ ಸೆರೆಯಲ್ಲಿದ್ದ ವೀರಪ್ಪನ್ ಕಡೆಯ ಆರೋಪಿಗಳ ಬಿಡುಗಡೆ. ಕರ್ನಾಟಕ ಸರ್ಕಾರ ಮೊಕದ್ದಮೆಗಳನ್ನು ಹಿಂತೆಗೆದುಕೊಳ್ಳಲು ಹೊರಟಿತು. ಆಗ ಅಬ್ದುಲ್ ಕರೀಂ ಎಂಬ ನಿವೃತ್ತ ಪೋಲೀಸು ಅಧಿಕಾರಿ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. ಅವರ ಮಗ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್, ೧೯೯೨ರ ಆಗಸ್ಟ್ ೧೪ರಂದು ಮೀಣ್ಯಂ ಬಳಿ, ಎಸ್.ಪಿ. ಹರಿಕೃಷ್ಣರೊಡನೆ ವೀರಪ್ಪನ್ ಹೊಂಚಿಗೆ ಬಲಿಯಾಗಿದ್ದ. ನಾಡೆಲ್ಲ ಒಬ್ಬನ ಬಿಡುಗಡೆಗೆ ಹರಕೆ ಹೊತ್ತಿದ್ದ ಹೊತ್ತಿನಲ್ಲಿ, ಬೆಂಗಳೂರು ಹೊತ್ತಿ ಉರಿಯಬಹುದೆಂದು ಸರ್ಕಾರವೇ ಅಂಜಿದ್ದಾಗ, ಆ ಮುದುಕ ತಂದೆ ಹಾಗೆ ಎದ್ದು ನಿಲ್ಲಲು ಬೇಕಾದ ಎದೆಗಾರಿಕೆ ಎಷ್ಟಿದ್ದಿರಬೇಕು! ರೋಮಾಂಚಕ ಚಿತ್ರದಲ್ಲಿ ಮೊದಲ ಹತ್ತು ನಿಮಿಷಗಳಲ್ಲಿ ಸಾಯುವ ಪೋಲೀಸಿನವನಿಗೆ ತಂದೆಯಿರುವುದಿಲ್ಲ. ಇದ್ದರೂ ಎರಡನೆಯ ಬಾರಿ ತೆರೆಯ ಮೇಲೆ ಬರುವುದಿಲ್ಲ. ನಾಯಕನೊಬ್ಬನ ಪ್ರಾಣಕ್ಕಷ್ಟೇ ಬೆಲೆ ಕಟ್ಟುವುದು ಆ ಪ್ರಕಾರದ ಮೂಲನಿಯಮ, ಮತ್ತು ನನ್ನ ಮಟ್ಟಿಗೆ ಅದರ ಮೂಲದೋಷ.

ನವೆಂಬರ್ ೭ರಂದು ನ್ಯಾಯಾಲಯವು ಮೊಕದ್ದಮೆಗಳನ್ನು ಹಿಂತೆಗೆಯುವಂತಿಲ್ಲವೆಂದು ತೀರ್ಪಿತ್ತಿತು. ಎಂಟು ದಿನಗಳ ಮೇಲೆ, ೧೫ರಂದು, ರಾಜಕುಮಾರರು ಬಿಡುಗಡೆಯಾದರು. ನೆಡುಮಾರನ್ ಮೊದಲಾದವರ ಸಂಧಾನ ಅದಕ್ಕೆ ನೆರವಾಗಿತ್ತು. ತೆರೆಯ ಮೇಲೆ ಎಷ್ಟೋ ಖಳರನ್ನು ಸದೆಬಡಿದಿದ್ದ ಅವರು ಹೊರಬಂದು ತಮ್ಮನ್ನು ಒಯ್ದವನ ಮೇಲೆ ಹಗೆ ಸಾಧಿಸುವ ಮಾತನ್ನಾಡಲಿಲ್ಲ. ವೀರಪ್ಪನ್ ೨೦೦೪ರ ಅಕ್ಟೋಬರ್ ೧೮ರಂದು ಧರ್ಮಪುರಿ ಜಿಲ್ಲೆಯಲ್ಲಿ ಪೋಲೀಸರ ಗುಂಡಿಗೆ ಸತ್ತನು. ರಾಜಕುಮಾರರು ೨೦೦೬ರ ಏಪ್ರಿಲ್ ೧೨ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಕಾಡಿನಿಂದ ಮರಳಿದ ಮೇಲೆ ಅವರು ಮತ್ತಾವ ಚಿತ್ರದಲ್ಲಿಯೂ ನಾಯಕಪಾತ್ರ ವಹಿಸಲಿಲ್ಲ.