ಸಾಲವಿಲ್ಲದಾತನು ಸಲ್ಲಿಸಿದ ಋಣ: ಸಂತ ಆನ್ಸೆಲ್ಮರ ಜೀವನ

ತಪಸ್ಸುಕಾಲದ ಶುಕ್ರವಾರಗಳಲ್ಲಿ ನಾವು ಶಿಲುಬೆಯ ಹಾದಿಯ ಹದಿನಾಲ್ಕು ಸ್ಥಳಗಳಲ್ಲಿಯೂ ಮೊಣಕಾಲೂರಿ, ಕ್ರಿಸ್ತರು ತಮ್ಮ ಪವಿತ್ರ ಶಿಲುಬೆಯಿಂದ ಲೋಕವನ್ನು ರಕ್ಷಿಸಿದರೆಂದು ಅರಿಕೆ ಮಾಡಿಕೊಳ್ಳುತ್ತೇವೆ. ಆದರೆ ಧರ್ಮೋಪದೇಶದ ತರಗತಿಯಿಂದ ಮನೆಗೆ ಮರಳಿದ ಮಗುವೊಂದು, ದೇವರು ನಮ್ಮನ್ನು ಸುಮ್ಮನೆ ಕ್ಷಮಿಸಬಹುದಿತ್ತಲ್ಲವೇ, ತಮ್ಮ ಏಕೈಕ ಪುತ್ರನ ರಕ್ತವೇ ಅವರಿಗೆ ಏಕೆ ಬೇಕಾಯಿತು ಎಂದು ಕೇಳಿದರೆ ನಮ್ಮಲ್ಲಿ ಅನೇಕರು ತಡವರಿಸುತ್ತೇವೆ. ಈ ಪ್ರಶ್ನೆಗೆ ಹೆದರದೆ ಅದನ್ನು ಎದುರಿಗೆ ಕೂರಿಸಿಕೊಂಡು ಉತ್ತರ ಹುಡುಕಿದವರು ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷ ಸಂತ ಆನ್ಸೆಲ್ಮರು. ಏಪ್ರಿಲ್ 21 ಅವರ ಸ್ಮರಣೆಯ ದಿನ.

ಆನ್ಸೆಲ್ಮರು ಜನಿಸಿದ್ದು 1033ರಲ್ಲಿ, ಆಲ್ಪ್ಸ್ ಪರ್ವತಗಳ ಮಡಿಲಲ್ಲಿರುವ ಆವೊಸ್ತಾ ಎಂಬ ಊರಿನಲ್ಲಿ. ಇದು ಇಂದಿನ ಇಟಲಿಗೆ ಸೇರಿದೆ. ತಾಯಿ ಎರ್ಮೆನ್‌ಬೆರ್ಗಾ ಭಕ್ತೆ, ಗೃಹಕೃತ್ಯದಲ್ಲಿ ಜಾಣೆ. ತಂದೆ ಗುಂದುಲ್ಫ್ ಉದಾರಿ, ಆದರೆ ದುಂದುಗಾರ. ತಾಯಿಯ ಮರಣಾನಂತರ ತಂದೆಯೊಡನೆ ಬಾಳುವುದು ಮಗನಿಗೆ ಅಸಾಧ್ಯವಾಯಿತು. ಅವರು ಎಷ್ಟು ವಿನಯ ತೋರಿದರೂ ತಂದೆಯ ಕೋಪ ತಣಿಯಲಿಲ್ಲ. ಕಡೆಗೆ ಆನ್ಸೆಲ್ಮರು ಒಬ್ಬ ಸಂಗಡಿಗನನ್ನೂ ಒಂದು ಕತ್ತೆಯನ್ನೂ ಜೊತೆ ಮಾಡಿಕೊಂಡು ಮೊಂ ಸೆನಿ ಕಣಿವೆಯ ಹಾದಿಯಲ್ಲಿ ಪರ್ವತವನ್ನು ದಾಟಿದರು. ಹಸಿವು ತಾಳಲಾರದೆ ಮಂಜನ್ನೇ ಅಗಿದರೆಂದೂ, ಬರಿದಾಗಿದೆಯೆಂದು ತಿಳಿದಿದ್ದ ಚೀಲದಲ್ಲಿ ಬಿಳಿಯ ರೊಟ್ಟಿಯೊಂದು ದೊರೆಯಿತೆಂದೂ ಅವರ ಶಿಷ್ಯ ಈಡ್ಮರ್ ತಾವು ಬರೆದ ಜೀವನಚರಿತ್ರೆಯಲ್ಲಿ ತಿಳಿಸುತ್ತಾರೆ. ಮಗನನ್ನು ಕ್ಷಮಿಸಲಾರದ ತಂದೆಯ ಮನೆಯಿಂದ ಹೊರಬಿದ್ದವರೇ ಮುಂದೆ ಪಿತದೇವರ ಕ್ಷಮೆಯ ಬಗೆಯನ್ನು ಕುರಿತು ಧರ್ಮಸಭೆಗೆ ಬೋಧಿಸಿದರೆಂಬುದು ನಮಗೆ ಸೋಜಿಗವೆನಿಸುತ್ತದೆ.

ಪಂಡಿತ ಲಾನ್‌ಫ್ರಾಂಕ್ ಅವರ ಕೀರ್ತಿಯನ್ನು ಕೇಳಿ ಆನ್ಸೆಲ್ಮರು ನಾರ್ಮಂಡಿಯ ಬೆಕ್ ಮಠಕ್ಕೆ ಬಂದರು. 1060ರಲ್ಲಿ ಅಲ್ಲಿಯೇ ಸಂತ ಬೆನೆಡಿಕ್ಟರ ನಿಯಮದಂತೆ ಸಂನ್ಯಾಸಿಯಾದರು. ಮೂರೇ ವರ್ಷಗಳಲ್ಲಿ ಮಠದ ಉಪಾಧಿಪತಿಯಾಗಿ, 1078ರಲ್ಲಿ ಮಠಾಧಿಪತಿಯಾದರು. ಅಲ್ಲಿನ ಒಂದು ಪ್ರಸಂಗವನ್ನು ಮಕ್ಕಳಿರುವ ಮನೆಗಳವರು ಕೇಳಲೇಬೇಕು. ಬೇರೊಂದು ಮಠದ ಅಧಿಪತಿಯೊಬ್ಬರು, ತಮ್ಮಲ್ಲಿ ಬೆಳೆಯುವ ಬಾಲಕರನ್ನು ಹಗಲಿರುಳು ಹೊಡೆದರೂ ಅವರು ತಿದ್ದಿಕೊಳ್ಳುವುದಿಲ್ಲವೆಂದು ಅಳಲು ತೋಡಿಕೊಂಡರಂತೆ. ಎಳೆಯ ಗಿಡವನ್ನು ನೆಟ್ಟು, ಯಾವ ಕಡೆಗೂ ಕೊಂಬೆ ಚಾಚದಂತೆ ಸುತ್ತಲೂ ಬಿಗಿದು ಕಟ್ಟಿ, ಕೆಲವು ವರ್ಷಗಳ ನಂತರ ಬಿಚ್ಚಿದರೆ ಎಂಥ ಮರ ದೊರೆತೀತೆಂದು ಆನ್ಸೆಲ್ಮರು ಅವರನ್ನು ಮರುಪ್ರಶ್ನಿಸಿದರು. ಆ ಹಿರಿಯರು ತಪ್ಪೊಪ್ಪಿಕೊಂಡರೆಂದು ಈಡ್ಮರ್ ಹೇಳುತ್ತಾರೆ.

ಇತ್ತ ಇಂಗ್ಲೆಂಡಿನಲ್ಲಿ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರಾಗಿದ್ದ ಲಾನ್‌ಫ್ರಾಂಕ್ 1089ರಲ್ಲಿ ತೀರಿಕೊಂಡಿದ್ದರು. ಪೀಠದ ಆದಾಯವನ್ನು ತಾನೇ ಉಣ್ಣುವ ಆಸೆಯಿಂದ ದೊರೆ ಎರಡನೆಯ ವಿಲಿಯಂ ನಾಲ್ಕು ವರ್ಷ ಆ ಸ್ಥಾನವನ್ನು ತೆರವಾಗಿಯೇ ಇರಿಸಿದ್ದನು. 1093ರ ತಪಸ್ಸುಕಾಲದಲ್ಲಿ ಅವನು ಗ್ಲಾಸ್ಟರ್ ನಗರದಲ್ಲಿ ಸಾವಿನಂಚಿಗೆ ಬಂದಾಗ ಪಶ್ಚಾತ್ತಾಪಪಟ್ಟು ಆನ್ಸೆಲ್ಮರನ್ನು ಆರಿಸಿದನು. ಅರುವತ್ತು ತಲುಪಿದ್ದ ಅವರು ಬೇಡವೆಂದು ಅಂಗಲಾಚಿದರು. ಧರ್ಮಾಧ್ಯಕ್ಷರು ಅವರನ್ನು ರೋಗಶಯ್ಯೆಯ ಬಳಿಗೆ ಎಳೆದೊಯ್ದು, ಬಿಗಿಹಿಡಿದ ಮುಷ್ಟಿಯನ್ನು ಬಿಡಿಸಲಾರದೆ, ಅಧಿಕಾರದಂಡವನ್ನು ಆ ಮುಷ್ಟಿಗೇ ಒತ್ತಿ ಹಿಡಿದರಂತೆ! ಪಳಗದ ಗೂಳಿಯ ಜೊತೆಗೆ ಮುದಿ ಕುರಿಯನ್ನು ಒಂದೇ ನೊಗಕ್ಕೆ ಕಟ್ಟುತ್ತಿದ್ದೀರೆಂದು ಅವರು ಎಚ್ಚರಿಸಿದ್ದು ಸುಳ್ಳಾಗಲಿಲ್ಲ. ದೊರೆ ಗುಣಮುಖನಾದನು, ಪಶ್ಚಾತ್ತಾಪ ಮಾತ್ರ ಮಾಯವಾಯಿತು. ಯುದ್ಧದ ಖರ್ಚಿಗೆಂದು ಆನ್ಸೆಲ್ಮರು ಒಪ್ಪಿಸಲು ಬಂದ ಐನೂರು ಪೌಂಡುಗಳನ್ನು ತನ್ನ ಘನತೆಗೆ ಸಾಲದೆಂದು ಅವನು ತಳ್ಳಿಹಾಕಲು, ಅವರು ಆ ಹಣವನ್ನು ಬಡವರಿಗೆ ಹಂಚಿದರು. ವಿರಸ ಬಲಿತು 1097ರಲ್ಲಿ ಅವರು ದೇಶವನ್ನೇ ತೊರೆಯಬೇಕಾಯಿತು.

ಹೀಗೆ ಪರದೇಶಿಯಾಗಿ, ದಕ್ಷಿಣ ಇಟಲಿಯ ಕಾಪುವಾ ಪಟ್ಟಣದ ಸಮೀಪದ ಬೆಟ್ಟದ ಹಳ್ಳಿಯೊಂದರಲ್ಲಿ ತಂಗಿದ್ದಾಗ, 1098ರಲ್ಲಿ, ಇಂಗ್ಲೆಂಡಿನಲ್ಲಿ ಆರಂಭಿಸಿದ್ದ ಗ್ರಂಥವನ್ನು ಅವರು ಮುಗಿಸಿದರು. ‘ಕುರ್ ದೆಯುಸ್ ಹೋಮೋ’, ಅಂದರೆ ದೇವರು ಮನುಷ್ಯರಾದುದೇಕೆ ಎಂಬುದು ಅದರ ಹೆಸರು. ಪೂರ್ಣಗೊಳ್ಳುವ ಮೊದಲೇ ಕೆಲವರು ತಮಗೆ ತಿಳಿಯದಂತೆ ಅದನ್ನು ನಕಲು ಮಾಡಿಕೊಂಡರೆಂದು ಅವರು ಮುನ್ನುಡಿಯಲ್ಲಿ ಬೇಸರಪಟ್ಟಿದ್ದಾರೆ. ಗ್ರಂಥವು ಸಂವಾದರೂಪದಲ್ಲಿದೆ. ಪ್ರಶ್ನಿಸುವವನು ಬೋಸೋ ಎಂಬ ಬೆಕ್ ಮಠದ ಸಂನ್ಯಾಸಿ. ಅವನು ಸುಲಭವಾಗಿ ತಲೆಯಾಡಿಸುವ ಶಿಷ್ಯನಲ್ಲ. ನಮ್ಮ ಮನೆಯ ಮಗು ಕೇಳುವುದನ್ನೆಲ್ಲ ಅವನೂ ಕೇಳುತ್ತಾನೆ.

ಆದಾಮನ ಪಾಪದಿಂದ ಮನುಕುಲವು ಸೈತಾನನ ವಶವಾಯಿತು, ಕ್ರಿಸ್ತರ ರಕ್ತವೇ ಅವನಿಗೆ ತೆತ್ತ ಬಿಡುಗಡೆಯ ಬೆಲೆ ಎಂದು ಅನೇಕರು ವಿವರಿಸುತ್ತಿದ್ದ ಕಾಲವದು. ಆನ್ಸೆಲ್ಮರು ಇದನ್ನು ಒಪ್ಪಲಿಲ್ಲ. ಕಳ್ಳನಾದ ಸೈತಾನನಿಗೆ ಮನುಷ್ಯನ ಮೇಲೆ ಯಾವ ಹಕ್ಕೂ ಇಲ್ಲ. ಋಣವಿರುವುದು ದೇವರಿಗೆ. ಸೃಷ್ಟಿಕರ್ತರಿಗೆ ಸಲ್ಲಬೇಕಾದ ವಿಧೇಯತೆಯನ್ನು ಸಲ್ಲಿಸದಿರುವುದೇ ಪಾಪ. ಅದರಿಂದ ದೇವರಿಗೆ ನಷ್ಟವಿಲ್ಲ. ಆದರೆ ಅವರು ರಚಿಸಿದ ಲೋಕದ ಕ್ರಮವೂ ಸೌಂದರ್ಯವೂ ಕೆಡುತ್ತವೆ. ಹಾಗಾದರೆ ಕರುಣಾಮಯರಾದ ದೇವರು ಋಣವನ್ನು ಮನ್ನಾ ಮಾಡಬಾರದೇಕೆ? ಇದಕ್ಕೆ ಅವರು ಕೊಡುವ ಹೋಲಿಕೆಯು ನಮಗೆ ಇಡೀ ಗ್ರಂಥದಲ್ಲಿಯೇ ಅತ್ಯಂತ ಪ್ರಿಯವಾದದ್ದು. ಶ್ರೀಮಂತನೊಬ್ಬನ ಕೈಯಲ್ಲಿದ್ದ ಅನರ್ಘ್ಯ ಮುತ್ತು ಕೆಸರಿಗೆ ಬಿದ್ದಿದೆ. ಅವನು ಅದನ್ನು ಎತ್ತಿ, ತೊಳೆಯದೆ, ಕೆಸರು ಸಮೇತ ತನ್ನ ಭರಣಿಯಲ್ಲಿ ಇಟ್ಟುಕೊಂಡಾನೇ? ಕೊಳೆಯನ್ನು ಕಾಣದಂತೆ ನಟಿಸುವುದು ಮುತ್ತಿಗೆ ತೋರುವ ಕರುಣೆಯಲ್ಲ.

ತೊಳೆಯುವವರು ಯಾರು? ಋಣ ತೀರಿಸಬೇಕಾದವನು ಮನುಷ್ಯ. ಆದರೆ ಅವನಲ್ಲಿರುವುದೆಲ್ಲವೂ ಮೊದಲೇ ದೇವರಿಗೆ ಸಲ್ಲಬೇಕಾದದ್ದು, ಹೆಚ್ಚಿಗೆ ಕೊಡಲು ಅವನ ಬಳಿ ಏನೂ ಇಲ್ಲ. ತೀರಿಸಬಲ್ಲವರು ದೇವರು, ಆದರೆ ಋಣ ಅವರದಲ್ಲ. ಆದಕಾರಣ ದೇವರೂ ಮನುಷ್ಯರೂ ಆಗಿರುವ ಒಬ್ಬರೇ ಅದನ್ನು ತೀರಿಸಬೇಕು. ಇಲ್ಲಿ ಬೋಸೋ ಸುಮ್ಮನಾಗುವುದಿಲ್ಲ. ನಿರಪರಾಧಿಯಾದ ಮಗನನ್ನು ಸಾವಿಗೆ ಒಪ್ಪಿಸುವ ತಂದೆ ನ್ಯಾಯವಂತನೇ ಎಂದು ಪಟ್ಟು ಹಿಡಿಯುತ್ತಾನೆ. ಪಿತದೇವರು ಮಗನನ್ನು ಬಲವಂತಪಡಿಸಲಿಲ್ಲವೆಂಬುದು ಆನ್ಸೆಲ್ಮರ ಉತ್ತರ. ಯೇಸುಸ್ವಾಮಿ ಸತ್ಯವನ್ನೂ ನ್ಯಾಯವನ್ನೂ ಕಡೆಯವರೆಗೆ ಬಿಡದೆ ಪಾಲಿಸಿದರು; ಅದಕ್ಕಾಗಿ ಲೋಕವು ಅವರನ್ನು ಕೊಂದಿತು. ಪಾಪವಿಲ್ಲದ ಅವರಿಗೆ ಮರಣದ ಸಾಲವೇ ಇರಲಿಲ್ಲ. ಇಲ್ಲದ ಸಾಲಕ್ಕೆ ಪ್ರತಿಯಾಗಿ ಅಲ್ಲ, ಸ್ವಂತ ಇಚ್ಛೆಯಿಂದ ಪ್ರಾಣವನ್ನು ಕೊಟ್ಟದ್ದರಿಂದಲೇ ಆ ಕೊಡುಗೆಗೆ ಬೆಲೆ ಕಟ್ಟಲಾಗದು. ಅದಕ್ಕೆ ಪ್ರತಿಫಲ ಸಲ್ಲಲೇಬೇಕು. ಆದರೆ ಪಿತನದೆಲ್ಲವೂ ತನ್ನದೇ ಆಗಿರುವ ಸುತನಿಗೆ ಕೊಡುವುದೇನನ್ನು? ಆದ್ದರಿಂದ ಅದು ಅವರ ಬಂಧುಗಳ ಪಾಲಿಗೆ, ಎಂದರೆ ಋಣಭಾರದಿಂದ ಕುಗ್ಗಿದ ಮನುಷ್ಯರ ಪಾಲಿಗೆ ಬಂದಿತು. ನಮ್ಮ ರಕ್ಷಣೆ ಅದೇ.

ಆನ್ಸೆಲ್ಮರು ದೇವರನ್ನು ತಮ್ಮ ಕಾಲದ ಪಾಳೆಯಗಾರರಂತೆ ಮಾನದ ಲೆಕ್ಕ ಹಿಡಿಯುವವರನ್ನಾಗಿ ಚಿತ್ರಿಸಿದರೆಂಬ ಆಕ್ಷೇಪ ಹಳೆಯದು. ಋಣ, ಮಾನ ಎಂಬ ಪದಗಳು ಆ ಕಾಲದವೆಂಬುದು ನಿಜ. ಆದರೆ ಮಾನವನ್ನು ಬೆಳ್ಳಿಯಲ್ಲಿ ಅಳೆಯುವ ದೊರೆಯನ್ನು ಹತ್ತಿರದಿಂದ ಕಂಡಿದ್ದ ಅವರು ದೇವರನ್ನು ಅಂಥವನ ಸಾಲಿನಲ್ಲಿ ನಿಲ್ಲಿಸಿದರೆಂದು ನಾವು ನಂಬಲಾರೆವು. ಅವರ ಉತ್ತರವೇ ಕೊನೆಯ ಮಾತೂ ಆಗಲಿಲ್ಲ. ಮುಂದಿನ ತಲೆಮಾರಿನ ಅಬೆಲಾರ್ದ್, ಶಿಲುಬೆಯಲ್ಲಿ ಪ್ರಕಟವಾದ ಪ್ರೀತಿಯು ನಮ್ಮ ಹೃದಯವನ್ನು ಹೊತ್ತಿಸುವುದೇ ವಿಮೋಚನೆಯೆಂದರು. ದೇವರು ಬೇರೆ ಬಗೆಯಲ್ಲಿಯೂ ರಕ್ಷಿಸಬಲ್ಲವರಾಗಿದ್ದರು, ಆದರೆ ಇದಕ್ಕಿಂತ ಉಚಿತವಾದ ಬಗೆ ಇನ್ನೊಂದಿರಲಿಲ್ಲವೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. 1547ರಲ್ಲಿ ತ್ರೆಂತ್ ಮಹಾಸಭೆಯು ಕ್ರಿಸ್ತರು ಶಿಲುಬೆಯ ಮೇಲೆ ನಮಗಾಗಿ ಪರಿಹಾರ ಸಲ್ಲಿಸಿದರೆಂದು ಸಾರಿದಾಗ ಆನ್ಸೆಲ್ಮರ ಪದವನ್ನೇ ಬಳಸಿತು.

1100ರಲ್ಲಿ ವಿಲಿಯಂ ಬೇಟೆಯಲ್ಲಿ ಬಾಣ ತಗುಲಿ ಸತ್ತನು. ಹೊಸ ದೊರೆ ಒಂದನೆಯ ಹೆನ್ರಿ ಆನ್ಸೆಲ್ಮರನ್ನು ಕರೆಸಿಕೊಂಡನು. 1102ರಲ್ಲಿ ಅವರ ನೇತೃತ್ವದಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಸೇರಿದ ಧರ್ಮಸಭೆಯ ಸಭೆಯು ಮನುಷ್ಯರನ್ನು ಪಶುಗಳಂತೆ ಮಾರುವುದನ್ನು ನಿಷೇಧಿಸಿತು. ಧರ್ಮಾಧ್ಯಕ್ಷರಿಗೆ ದಂಡ ಮತ್ತು ಉಂಗುರವನ್ನು ಕೊಡುವ ಅಧಿಕಾರ ದೊರೆಯದಲ್ಲವೆಂದು ಹಟ ಹಿಡಿದು 1103ರಲ್ಲಿ ಅವರು ಮತ್ತೆ ದೇಶಾಂತರ ಹೋದರು. 1107ರಲ್ಲಿ ಹೆನ್ರಿ ಆ ಹಕ್ಕನ್ನು ಬಿಟ್ಟುಕೊಟ್ಟನು.

1109ರ ಪವಿತ್ರ ವಾರದಲ್ಲಿ ಅವರು ಕ್ಯಾಂಟರ್ಬರಿಯಲ್ಲಿ ಹಾಸಿಗೆ ಹಿಡಿದಿದ್ದರು. ಗರಿಗಳ ಭಾನುವಾರದಂದು, ಆತ್ಮದ ಮೂಲವನ್ನು ಕುರಿತ ಸಮಸ್ಯೆಯೊಂದು ಬಗೆಹರಿಯುವವರೆಗೆ ದೇವರು ತಮ್ಮನ್ನು ಉಳಿಸಿದರೆ ಕೃತಜ್ಞನಾಗುವೆನೆಂದು ಹೇಳಿಕೊಂಡರು. ಬುಧವಾರ ಏಪ್ರಿಲ್ 21ರ ನಸುಕಿನಲ್ಲಿ ಒಬ್ಬ ಸಂನ್ಯಾಸಿ, ಅಂದಿನ ಪೂಜೆಯಲ್ಲಿ ಓದಬೇಕಾಗಿದ್ದ ಯೇಸುಸ್ವಾಮಿಯ ಪಾಡುಗಳ ಶುಭಸಂದೇಶವನ್ನು ಅವರ ಬಳಿ ಓದತೊಡಗಿದನು. ಕಡೆಯ ಭೋಜನದಲ್ಲಿ ಸ್ವಾಮಿಯು ಶಿಷ್ಯರಿಗೆ ತಮ್ಮ ರಾಜ್ಯವನ್ನು ವಾಗ್ದಾನ ಮಾಡುವ ಭಾಗಕ್ಕೆ ಬಂದಾಗ ಆನ್ಸೆಲ್ಮರ ಉಸಿರು ನಿಧಾನವಾಯಿತು. ಸಹೋದರರು ಅವರನ್ನು ಹಾಸಿಗೆಯಿಂದ ಎತ್ತಿ, ನೆಲದ ಮೇಲೆ ಗೋಣಿಬಟ್ಟೆ ಮತ್ತು ಬೂದಿಯನ್ನು ಹರಡಿ ಮಲಗಿಸಿದರು. ಅಲ್ಲಿಯೇ ಅವರು ಪ್ರಾಣ ಬಿಟ್ಟರು.